ಕಾಲಡಿಯ ನೆಲವನ್ನು ಓದುವ ವಿದ್ಯೆ



ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದ ಮೇಲೆ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆ ಬಹುಮಟ್ಟಿಗೆ ಒಂದೇ ಬಗೆಯದು. ಮಗ ವೈದ್ಯನಾಗಬೇಕೆ, ಇಂಜಿನಿಯರ್ ಆಗಬೇಕೆ? ಮಗಳನ್ನು ಶಿಕ್ಷಕಿಯ ತರಬೇತಿಗೆ ಕಳುಹಿಸುವುದೋ, ನರ್ಸಿಂಗ್ ಓದಿಸುವುದೋ? ಅಂಕಗಳು ಕಡಿಮೆಯಾದರೆ ಸಮೀಪದ ಪದವಿ ಕಾಲೇಜಿನಲ್ಲಿ ಯಾವುದೋ ಒಂದು ವಿಷಯ. ಈ ಚರ್ಚೆಯಲ್ಲಿ ಭೂವಿಜ್ಞಾನವೆಂಬ ಹೆಸರು ಸುಳಿಯುವುದೇ ಇಲ್ಲ. ಸುಳಿದರೂ, ‘ಕಲ್ಲು ಮಣ್ಣು ಓದಿ ಏನು ಮಾಡುವುದು?’ ಎಂಬ ಒಂದೇ ಪ್ರಶ್ನೆಯಲ್ಲಿ ಮಾತು ಮುಗಿದುಹೋಗುತ್ತದೆ. ರಾಯಚೂರು ಸೀಮೆಯಲ್ಲಿ ಕುಳಿತು ಈ ಪ್ರಶ್ನೆಯನ್ನು ಕೇಳುವುದು ಹೊಳೆಯ ದಂಡೆಯಲ್ಲಿ ಕುಳಿತು ನೀರಿನಿಂದ ಏನು ಪ್ರಯೋಜನವೆಂದು ಕೇಳಿದಂತೆ. ಈ ವಿದ್ಯೆ ನಮ್ಮ ಹಳ್ಳಿಗಳ ಮಕ್ಕಳಿಗೆ ಏಕೆ ಬೇಕು, ಸೇರಿದ ಕೆಲವರೂ ನಡುವೆಯೇ ಏಕೆ ಸೋತು ಹಿಂದಿರುಗುತ್ತಾರೆ, ಅವರು ಗೆಲ್ಲುವಂತೆ ಮಾಡಲು ಕಾಲೇಜು, ಮನೆ, ಮಠಗಳು ಏನು ಮಾಡಬಹುದು ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಹಾದಿಯಲ್ಲಿರುವ ಗಬ್ಬೂರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹಳೆಯ ಗುಡಿಗಳಿಂದಲೂ ಶಾಸನಗಳಿಂದಲೂ ಹೆಸರಾದ ಊರು ಅದು. ಮಲೆಶಂಕರ ದೇವಾಲಯದ ಕಂಬಗಳನ್ನು ನೋಡಿ ಕೈಮುಗಿಯುವ ನಾವು, ಆ ಕಲ್ಲು ಎಲ್ಲಿಂದ ಬಂದಿತು, ಅದರ ವಯಸ್ಸೆಷ್ಟು ಎಂದು ಕೇಳಿಕೊಳ್ಳುವುದು ಅಪರೂಪ. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಈ ಎಡೆದೊರೆ ನಾಡಿನ ಬುಡದಲ್ಲಿರುವುದು ಬಹುತೇಕ ಗ್ರಾನೈಟ್ ಮತ್ತು ನೈಸ್ ಎಂಬ ಶಿಲೆಗಳು. ಅವುಗಳಲ್ಲಿ ಬಹಳಷ್ಟು ಸುಮಾರು 250 ಕೋಟಿ ವರ್ಷಗಳಷ್ಟು ಹಿಂದೆ ಭೂಮಿಯ ಒಡಲಲ್ಲಿ ಕರಗಿ, ತಣಿದು ಗಟ್ಟಿಯಾದವು. ನಮ್ಮ ಹೊಲದ ಬದುವಿನಲ್ಲಿ ಬಿದ್ದಿರುವ ಬಂಡೆ ಹಿಮಾಲಯಕ್ಕಿಂತ ಎಷ್ಟೋ ಪಾಲು ಹಿರಿಯದು ಎಂಬ ಮಾತನ್ನು ಮಗುವಿಗೆ ಹೇಳಿ ನೋಡಿ. ಅದರ ಕಣ್ಣು ಅರಳುವುದನ್ನು ಕಾಣುವಿರಿ.

ಇದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಅಲ್ಲಿ ಪ್ರಾಚೀನರು ನೂರಾರು ಅಡಿ ಆಳಕ್ಕೆ ಇಳಿದು ಚಿನ್ನ ತೆಗೆದ ಕುರುಹುಗಳು ದೊರೆತಿವೆ. ಇಂದಿನ ಕಂಪನಿ ಸ್ಥಾಪನೆಯಾದುದು 1947ರಲ್ಲಿ. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದ ಚಿನ್ನದ ಉತ್ಪಾದನೆಯ ಮುಖ್ಯ ಭಾರವನ್ನು ಹೊತ್ತು ಬಂದಿರುವುದು ಹಟ್ಟಿಯೇ. ಹಟ್ಟಿಯಿಂದ ಮಸ್ಕಿಯ ಕಡೆಗೆ ಸಾಗುವ ಶಿಲಾಪಟ್ಟಿಯನ್ನು ಭೂವಿಜ್ಞಾನಿಗಳು ಧಾರವಾಡ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ‘ಧಾರವಾಡ’ ಎಂಬ ನಮ್ಮ ಊರಿನ ಹೆಸರನ್ನು ಜಗತ್ತಿನ ಶಿಲಾಶಾಸ್ತ್ರಕ್ಕೆ ಕೊಟ್ಟವರು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಮೊದಲ ಮುಖ್ಯಸ್ಥರೂ ಅವರೇ.

ಇನ್ನೊಂದು ಸಂಗತಿಯನ್ನು ನಮ್ಮ ಜಿಲ್ಲೆಯ ಪ್ರತಿಯೊಂದು ಶಾಲೆಯ ಮಗುವೂ ತಿಳಿದಿರಬೇಕು. ಅಶೋಕ ಚಕ್ರವರ್ತಿಯ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದವರು ಇತಿಹಾಸದ ಪ್ರಾಧ್ಯಾಪಕರಲ್ಲ. ಚಿನ್ನದ ಗಣಿಗಾರಿಕೆಯ ಇಂಜಿನಿಯರ್ ಆಗಿದ್ದ ಬೀಡನ್ ಎಂಬವರು. ಅದುವರೆಗೆ ‘ದೇವಾನಾಂಪ್ರಿಯ’ ಎಂದು ಶಾಸನಗಳಲ್ಲಿ ಕಾಣುತ್ತಿದ್ದ ಅರಸನು ಅಶೋಕನೇ ಎಂಬುದು ಈ ಶಾಸನದಿಂದ ದೃಢಪಟ್ಟಿತು. ಕಲ್ಲನ್ನು ನೋಡಬಲ್ಲ ಕಣ್ಣು ನೆಲದ ಇತಿಹಾಸವನ್ನೂ ಕಂಡಿತು. ಆದರೆ ಆ ಬಂಡೆಯ ಪಕ್ಕದಲ್ಲಿ ತಲೆತಲಾಂತರದಿಂದ ದನ ಮೇಯಿಸಿದವರ ಮಕ್ಕಳಿಗೆ ಆ ಕಣ್ಣನ್ನು ಕೊಡುವ ವಿದ್ಯೆ ಇರಲಿಲ್ಲ. ದೂರದಿಂದ ಬಂದವರು ಬಂದು ನೋಡಿ ಹೇಳಬೇಕಾಯಿತು. ಈ ಲೇಖನದ ಮುಖ್ಯ ಮಾತು ಇಷ್ಟೇ: ನಮ್ಮ ನೆಲವನ್ನು ಓದುವವರು ನಮ್ಮ ಮಕ್ಕಳೂ ಆಗಿರಬೇಕು.

ಇದು ಕೇವಲ ಅಭಿಮಾನದ ಮಾತಲ್ಲ, ಕುಡಿಯುವ ನೀರಿನ ಮಾತು. ನಮ್ಮ ಜಿಲ್ಲೆಯ ಎಷ್ಟೋ ಊರುಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿದೆ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು. ಬೇರೆ ನೀರಿಲ್ಲದಾಗ 1.5 ಮಿಲಿಗ್ರಾಂ ಕಡೆಯ ಮಿತಿ. ಅದನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳು ಮೂಡುತ್ತವೆ. ಪ್ರಮಾಣ ಇನ್ನೂ ಹೆಚ್ಚಾದರೆ ದೊಡ್ಡವರ ಮೂಳೆ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಇದನ್ನು ದೈವದ ಶಾಪವೆಂದು ಹೇಳುವವರು ಇಂದಿಗೂ ಇದ್ದಾರೆ. ಕಾರಣವಿರುವುದು ಬಂಡೆಯಲ್ಲಿ. ಗ್ರಾನೈಟ್ ಶಿಲೆಯೊಳಗಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಬಿರುಕುಗಳಲ್ಲಿ ಬಹುಕಾಲ ನಿಂತ ಕ್ಷಾರಗುಣದ ನೀರು ಅದನ್ನು ಮೆಲ್ಲನೆ ಕರಗಿಸಿಕೊಳ್ಳುತ್ತದೆ. ಮಳೆ ಕಡಿಮೆಯಾಗಿ, ಮೇಲಿನ ನೀರು ಬತ್ತಿ, ನಾವು ಆಳಕ್ಕೆ ಕೊರೆದಂತೆಲ್ಲ ಇಂಥ ಹಳೆಯ ನೀರು ಕೊಡಕ್ಕೆ ಬೀಳುವ ಸಂಭವ ಹೆಚ್ಚು. ಯಾವ ಬಾವಿಯ ನೀರು ಕುಡಿಯಲು ಯೋಗ್ಯ, ಯಾವುದು ಬಳಕೆಗೆ ಮಾತ್ರ, ಮಳೆನೀರನ್ನು ಎಲ್ಲಿ ಇಂಗಿಸಿದರೆ ಯಾವ ಬಾವಿಗೆ ಲಾಭ ಎಂಬುದನ್ನು ಹೇಳುವುದು ಭೂವಿಜ್ಞಾನದ ಕೆಲಸ.

ಕಾಲುವೆಯ ಕಥೆಯೂ ಹೀಗೆಯೇ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿ, ಸಿಂಧನೂರು ಸೀಮೆಗೆ ಭತ್ತವನ್ನು ತಂದಿತು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಹೊಲಗಳಿಗೆ ನೀರು ಕೊಟ್ಟಿತು. ಆದರೆ ಎರೆಮಣ್ಣಿನಲ್ಲಿ ನೀರು ಬಸಿದುಹೋಗುವುದು ನಿಧಾನ. ಅಳತೆಯಿಲ್ಲದೆ ನೀರು ಕಟ್ಟಿದರೆ ಅಂತರ್ಜಲ ಮೇಲೇರಿ, ಅದರೊಡನೆ ಲವಣವೂ ಮೇಲೆ ಬಂದು, ಬಂಗಾರದಂಥ ಭೂಮಿ ಸವಳಾಗುತ್ತದೆ. ಅಜ್ಜ ಬಿತ್ತಿದ ಹೊಲದಲ್ಲಿ ಮೊಮ್ಮಗ ಬಿಳಿಯ ಹೊರೆಯನ್ನು ಕಾಣುತ್ತಾನೆ. ಅದನ್ನು ಮೊದಲೇ ಗುರುತಿಸಿ ಬಸಿಗಾಲುವೆ ತೆಗೆಸಬೇಕೆಂದು ತಿಳಿಹೇಳಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ ಊರಿನಲ್ಲಿದ್ದರೆ ಎಷ್ಟು ಮನೆಗಳ ಅನ್ನ ಉಳಿಯುವುದೆಂದು ಯೋಚಿಸಿ.

ಹಾಗಾದರೆ ಈ ವಿದ್ಯೆಯನ್ನು ನಮ್ಮವರು ಏಕೆ ಓದುತ್ತಿಲ್ಲ? ಮೊದಲ ಕಾರಣ, ಅದು ಸುಲಭವಾಗಿ ಕೈಗೆ ಸಿಗುವುದಿಲ್ಲ. ನಮ್ಮ ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜುಗಳಲ್ಲಿ ಕಲಾ ವಿಭಾಗದ ಭೂಗೋಳ ದೊರೆಯಬಹುದು. ಆದರೆ ವಿಜ್ಞಾನ ವಿಭಾಗದಲ್ಲಿ ಭೂವಿಜ್ಞಾನವನ್ನು ಕಲಿಸುವ ಕಾಲೇಜುಗಳು ರಾಜ್ಯದಲ್ಲಿಯೇ ವಿರಳ. ಉನ್ನತ ಅಧ್ಯಯನಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರು ಅಥವಾ ಬೆಂಗಳೂರು ವಿಶ್ವವಿದ್ಯಾಲಯಗಳಂಥ ದೂರದ ಕೇಂದ್ರಗಳಿಗೆ ಹೋಗಬೇಕು. 2011ರ ಜನಗಣತಿಯ ವೇಳೆಗೆ ಜಿಲ್ಲೆಯ ಸಾಕ್ಷರತೆ ಶೇಕಡಾ 60ನ್ನು ಮುಟ್ಟಿರಲಿಲ್ಲ. ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಜನರಿಗೂ ಅಕ್ಷರ ಬಂದಿರಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ನಮ್ಮ ರಾಜ್ಯದಿಂದ ಸೇರಿದವು ರಾಯಚೂರು ಮತ್ತು ಯಾದಗಿರಿ. ಇಂಥ ಕಡೆಯಿಂದ ಹೊರಟ ವಿದ್ಯಾರ್ಥಿಯ ದಾರಿ ಉದ್ದವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ತೊಂದರೆ ನಮ್ಮದು ಮಾತ್ರವಲ್ಲ. ಅಮೆರಿಕದಲ್ಲಿ ‘ಕಮ್ಯುನಿಟಿ ಕಾಲೇಜು’ ಎಂಬ ಎರಡು ವರ್ಷದ ಕಾಲೇಜುಗಳಿವೆ. ಮನೆಯ ಸಮೀಪ, ಕಡಿಮೆ ಶುಲ್ಕದಲ್ಲಿ, ಬಹುಮಟ್ಟಿಗೆ ಎಲ್ಲರಿಗೂ ಪ್ರವೇಶ ಕೊಡುವ ಸಂಸ್ಥೆಗಳು ಇವು. ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಇಂಥ ಮೊದಲ ಸಾರ್ವಜನಿಕ ಕಾಲೇಜು ಆರಂಭವಾಯಿತು. ಕೂಲಿ ಮಾಡುತ್ತ ಓದುವವರು, ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು, ಮಕ್ಕಳ ತಾಯಂದಿರು, ಕಪ್ಪು ಜನರು, ವಲಸೆ ಬಂದವರು ಅಲ್ಲಿ ಹೆಚ್ಚಾಗಿ ಸೇರುತ್ತಾರೆ. ಅಲ್ಲಿಯ ವಿಜ್ಞಾನಗಳ ಪೈಕಿ ಎಲ್ಲ ಬಗೆಯ ಜನರಿಗೆ ಬಾಗಿಲು ತೆರೆಯುವುದರಲ್ಲಿ ತೀರ ಹಿಂದೆ ಬಿದ್ದಿರುವುದು ಭೂವಿಜ್ಞಾನವೇ. ನಲವತ್ತು ವರ್ಷಗಳ ಡಾಕ್ಟರೇಟ್ ಪದವಿಗಳ ಲೆಕ್ಕವನ್ನು ಪರಿಶೀಲಿಸಿ, ಈ ವಿಷಯದಲ್ಲಿ ಪ್ರಗತಿಯೇ ಆಗಿಲ್ಲವೆಂದು 2018ರಲ್ಲಿ ‘ನೇಚರ್ ಜಿಯೋಸೈನ್ಸ್’ ಪತ್ರಿಕೆಯಲ್ಲಿ ಬಂದ ಬರಹವೊಂದು ಹೇಳಿತು. ಆದ್ದರಿಂದ ಆ ಕಾಲೇಜುಗಳ ಅಧ್ಯಾಪಕರು ಒಟ್ಟುಗೂಡಿ, ವಿದ್ಯಾರ್ಥಿ ಸೋತರೆ ಅವನ ಬುದ್ಧಿಯನ್ನು ಹಳಿಯುವ ಮೊದಲು ನಮ್ಮ ಪಾಠವನ್ನು ಪರೀಕ್ಷಿಸೋಣ ಎಂಬ ದಾರಿಯನ್ನು ಹಿಡಿದಿದ್ದಾರೆ. ಅವರ ಅನುಭವದಲ್ಲಿ ನಾವು ಗಮನಿಸಬೇಕಾದ ಅಂಶಗಳು ಹಲವು.

ಮೊದಲನೆಯದು, ಪಾಠ ಸ್ಥಳೀಯ ನೆಲದಿಂದ ತೊಡಗಬೇಕು. ದೂರದ ಜ್ವಾಲಾಮುಖಿಯ ಚಿತ್ರದಿಂದ ಆರಂಭಿಸುವ ಬದಲು ಕಾಲೇಜಿನ ಆವರಣದ ಬಂಡೆಯಿಂದ ಆರಂಭಿಸಬಹುದು. ದೇವದುರ್ಗದ ವಿದ್ಯಾರ್ಥಿಗೆ ಗಬ್ಬೂರಿನ ಗುಡಿಯ ಕಂಬವೇ ಶಿಲಾಶಾಸ್ತ್ರದ ಮೊದಲ ಪುಟ. ಅದರಲ್ಲಿ ಹೊಳೆಯುವ ಬಿಳಿಯ ಕಣ ಯಾವುದು, ಕೆಂಬಣ್ಣದ ಹರಳು ಯಾವುದು, ಕಪ್ಪು ಹಾಳೆಯಂಥದು ಯಾವುದು ಎಂದು ಬೆರಳಿಟ್ಟು ತೋರಿಸಿದರೆ ಸ್ಫಟಿಕ, ಫೆಲ್ಡ್‌ಸ್ಪಾರ್, ಅಭ್ರಕಗಳು ಕಂಠಪಾಠದ ಹೆಸರುಗಳಾಗಿ ಉಳಿಯುವುದಿಲ್ಲ. ಹತ್ತು ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹತ್ತು ಬಾವಿಗಳ ನೀರನ್ನು ತಂದು ಪರೀಕ್ಷಿಸಿ ನಕ್ಷೆಯಲ್ಲಿ ಗುರುತಿಸಿದರೆ, ಅದು ಪಾಠವೂ ಆಯಿತು, ಊರಿಗೆ ಉಪಕಾರವೂ ಆಯಿತು.

ಎರಡನೆಯದು ಭಾಷೆ. ಹನ್ನೆರಡು ವರ್ಷ ಕನ್ನಡದಲ್ಲಿ ಕಲಿತ ಹುಡುಗಿ ಪದವಿಯ ಮೊದಲ ದಿನವೇ ಇಂಗ್ಲಿಷ್ ಪಾರಿಭಾಷಿಕ ಪದಗಳ ಮಳೆಯಲ್ಲಿ ನೆನೆದು ನಡುಗುತ್ತಾಳೆ. ಅವಳಿಗೆ ಗೊತ್ತಿಲ್ಲದ್ದು ವಿಷಯವಲ್ಲ, ಪದ. ಮಸಾರಿ, ಎರೆ, ಗರಸು, ಸವಳು, ಹಳ್ಳ, ಒಡ್ಡು, ಒರತೆ ಎಂಬ ಮಾತುಗಳನ್ನು ಅವಳು ತಾಯಿಯ ಬಾಯಿಂದ ಕಲಿತಿದ್ದಾಳೆ. ಇವೆಲ್ಲವೂ ಭೂವಿಜ್ಞಾನವೇ. ಈ ಮಾತುಗಳ ಮೇಲೆ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಜೋಡಿಸಿದರೆ ಸೇತುವೆಯಾಗುತ್ತದೆ. ಇದು ಅಸಾಧ್ಯವಲ್ಲವೆಂಬುದಕ್ಕೆ ನಮ್ಮವರೇ ಸಾಕ್ಷಿ. 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿದವರಲ್ಲಿ ಪ್ರಮುಖರಾದ ಡಾ. ಬಿ.ಪಿ. ರಾಧಾಕೃಷ್ಣ ಅವರು ಕನ್ನಡದಲ್ಲಿಯೂ ಬರೆದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಸೇವೆ ಸಲ್ಲಿಸಿದ ಟಿ.ಆರ್. ಅನಂತರಾಮು ಅವರು ಕನ್ನಡದಲ್ಲಿ ರಚಿಸಿದ ವಿಜ್ಞಾನ ಪುಸ್ತಕಗಳು ಅನೇಕ. ಇವು ನಮ್ಮ ಕಾಲೇಜುಗಳ ಗ್ರಂಥಾಲಯಗಳಲ್ಲಿ, ಮಠಗಳ ವಾಚನಾಲಯಗಳಲ್ಲಿ ಇರಬೇಕು.

ಮೂರನೆಯದು, ವಿದ್ಯಾರ್ಥಿ ಸೋಲುತ್ತಿರುವುದು ಬೇಗ ತಿಳಿಯಬೇಕು. ವರ್ಷಾಂತ್ಯದ ಒಂದೇ ದೊಡ್ಡ ಪರೀಕ್ಷೆಯಲ್ಲಿ ಬಿದ್ದ ಮೇಲೆ ಕೈಹಿಡಿಯುವುದಕ್ಕಿಂತ ಹದಿನೈದು ದಿನಕ್ಕೊಂದು ಚಿಕ್ಕ ಪರೀಕ್ಷೆ ನಡೆಸಿ, ಹಿಂದುಳಿದವರನ್ನು ಆಗಲೇ ಕರೆದು ಕೂರಿಸಿಕೊಳ್ಳುವುದು ಮೇಲು. ನಾಲ್ಕಾರು ಜನ ಕೂಡಿ ಚರ್ಚಿಸುತ್ತ ಕಲಿಯುವ ಪದ್ಧತಿ ಇನ್ನೂ ಮೇಲು. ಗೈರುಹಾಜರಾದ ಹುಡುಗನ ಹೆಸರನ್ನು ಹೊಡೆದುಹಾಕುವ ಮೊದಲು ಅವನು ಹತ್ತಿ ಬಿಡಿಸಲು ಹೋಗಿದ್ದಾನೆಯೆ, ಬಸ್ಸು ತಪ್ಪಿಸಿಕೊಂಡಿದ್ದಾನೆಯೆ ಎಂದು ವಿಚಾರಿಸುವ ಗುರು ದೊರೆತರೆ ಅರ್ಧ ವಿದ್ಯಾರ್ಥಿಗಳು ಉಳಿಯುತ್ತಾರೆ.

ನಾಲ್ಕನೆಯದು ಕ್ಷೇತ್ರಾಧ್ಯಯನ. ಬೆಟ್ಟ, ಹಳ್ಳ, ಗಣಿಗಳನ್ನು ಕಾಣದೆ ಈ ಶಾಸ್ತ್ರ ಬರುವುದಿಲ್ಲ. ಇಲ್ಲಿಯೇ ನಮ್ಮ ಹೆಣ್ಣುಮಕ್ಕಳ ಓದು ನಿಲ್ಲುತ್ತದೆ. ‘ಎಂಟು ದಿನ ಹೊರಗೆ ಇರಬೇಕಂತೆ, ಗುಡ್ಡ ಸುತ್ತಬೇಕಂತೆ, ಬೇಡ’ ಎಂದು ಮನೆಯವರು ತೀರ್ಮಾನ ಕೊಟ್ಟುಬಿಡುತ್ತಾರೆ. ಪಾಲಕರ ಆತಂಕ ನಿಜವಾದುದೇ; ಅದನ್ನು ಗೇಲಿ ಮಾಡಬಾರದು. ಆದರೆ ಉತ್ತರ ಓದು ಬಿಡಿಸುವುದಲ್ಲ, ವ್ಯವಸ್ಥೆ ಮಾಡುವುದು. ಜೊತೆಗೆ ಅಧ್ಯಾಪಕಿಯೊಬ್ಬರು, ಸುರಕ್ಷಿತ ವಸತಿ, ಶೌಚಾಲಯದ ಅನುಕೂಲ, ಪಾಲಕರಿಗೆ ಮೊದಲೇ ತಿಳಿಸಿದ ಕಾರ್ಯಕ್ರಮ, ಬೆಳಿಗ್ಗೆ ಹೋಗಿ ಸಂಜೆ ಹಿಂದಿರುಗುವಂಥ ಸಮೀಪದ ಸ್ಥಳಗಳ ಆಯ್ಕೆ—ಇಷ್ಟಾದರೆ ಆತಂಕದ ಬಹುಭಾಗ ಕರಗುತ್ತದೆ. 1983ರಲ್ಲಿಯೇ ಸುದೀಪ್ತಾ ಸೇನ್‌ಗುಪ್ತಾ ಎಂಬ ಭಾರತೀಯ ಭೂವಿಜ್ಞಾನಿ ಅಂಟಾರ್ಕ್ಟಿಕಾ ಖಂಡದ ಹಿಮದ ಮೇಲೆ ನಡೆದು ಶಿಲೆಗಳನ್ನು ಅಧ್ಯಯನ ಮಾಡಿದರು. 1952ರ ಗಣಿ ಕಾಯ್ದೆ ಹೆಂಗಸರು ಗಣಿಯ ಒಳಗೆ ಇಳಿದು ದುಡಿಯುವುದನ್ನು ನಿಷೇಧಿಸಿತ್ತು. 2019ರಲ್ಲಿ ಕೇಂದ್ರ ಸರ್ಕಾರ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ, ಕೆಲವು ನಿಬಂಧನೆಗಳೊಡನೆ, ಆ ಬಾಗಿಲನ್ನು ತೆರೆಯಿತು. ಕಾನೂನು ತೆರೆದ ಬಾಗಿಲನ್ನು ಮನೆ ಮುಚ್ಚಬಾರದು.

ಐದನೆಯದು, ಮುಂದಿನ ದಾರಿ ಕಣ್ಣಿಗೆ ಕಾಣಬೇಕು. ಎಂ.ಎಸ್ಸಿ. ಮುಗಿಸಿದವರು ಕೇಂದ್ರ ಲೋಕಸೇವಾ ಆಯೋಗದ ಭೂವಿಜ್ಞಾನಿಗಳ ಪರೀಕ್ಷೆಯ ಮೂಲಕ, 1851ರಷ್ಟು ಹಿಂದೆಯೇ ಸ್ಥಾಪಿತವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನೋ ಕೇಂದ್ರ ಅಂತರ್ಜಲ ಮಂಡಳಿಯನ್ನೋ ಸೇರಬಹುದು. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಗಣಿ ಕಂಪನಿಗಳು, ಕಾಲೇಜು ಅಧ್ಯಾಪನ—ಇವು ಉಳಿದ ದಾರಿಗಳು. ಸಂವಿಧಾನದ 371ಜೆ ವಿಧಿಯ ಪ್ರಕಾರ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿ ಇದೆ. ಮೀಸಲು ಸ್ಥಾನ ಇದ್ದು, ಅದಕ್ಕೆ ಬೇಕಾದ ವಿದ್ಯೆ ಪಡೆದವರು ನಮ್ಮಲ್ಲಿ ಇಲ್ಲದಿದ್ದರೆ, ಅದು ಬಡಿಸಿದ ಎಲೆಯ ಮುಂದೆ ಕುಳಿತು ಉಪವಾಸವಿದ್ದಂತೆ.

ಇನ್ನು ನಮ್ಮ ಸಮಾಜದ ಪಾಲಿನ ಕರ್ತವ್ಯಕ್ಕೆ ಬರೋಣ. ವಿದ್ಯಾದಾಸೋಹ ನಮಗೆ ಹೊಸದಲ್ಲ. ಶಿರಸಂಗಿಯ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಮಕ್ಕಳ ಓದಿಗೆ ಬಿಟ್ಟುಹೋದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಗೆ ಅಡಿಪಾಯ ಹಾಕಿದರು. ಉಚಿತ ಪ್ರಸಾದ ನಿಲಯಗಳ ಅನ್ನ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ಈ ಪರಂಪರೆ ಇನ್ನೊಂದು ಹೆಜ್ಜೆ ಇಡಬೇಕಾಗಿದೆ. ಊಟ ವಸತಿಗಳ ಜೊತೆಗೆ ಕ್ಷೇತ್ರಾಧ್ಯಯನದ ಖರ್ಚು, ಒಂದು ಜೊತೆ ಗಟ್ಟಿ ಪಾದರಕ್ಷೆ, ನೀರು ಪರೀಕ್ಷಿಸುವ ಒಂದು ಪೆಟ್ಟಿಗೆ, ಧಾರವಾಡದಲ್ಲಿ ಓದುವವರಿಗೆ ಎರಡು ವರ್ಷದ ನೆರವು—ಇವೂ ದಾಸೋಹವೇ. ಗಬ್ಬೂರಿನ ಬೂದಿಬಸವೇಶ್ವರ ಮಠದಂಥ ಊರಿನ ಮಠಗಳಲ್ಲಿ ಜಾತ್ರೆಯ ವೇಳೆ ನೀರು, ಮಣ್ಣುಗಳ ಪರೀಕ್ಷೆಯ ಒಂದು ಚಪ್ಪರ ಹಾಕಿ, ವಿದ್ಯಾರ್ಥಿಗಳನ್ನೇ ಅಲ್ಲಿ ಕೂರಿಸಿದರೆ ಸಾವಿರಾರು ಕಣ್ಣುಗಳು ಈ ವಿದ್ಯೆಯ ಫಲವನ್ನು ಒಂದೇ ದಿನ ಕಾಣುವುವು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ಸಹಾಯ ನಮ್ಮ ಸಮಾಜದ ಮಕ್ಕಳಿಗೆ ಮಾತ್ರ ಎಂದು ಗೆರೆ ಎಳೆದರೆ ಶರಣರ ಹೆಸರು ಹೇಳುವ ಅಧಿಕಾರ ನಮಗೆ ಉಳಿಯುವುದಿಲ್ಲ. ಕಲ್ಯಾಣದ ಅನುಭವ ಮಂಟಪದಲ್ಲಿ ಅಂಬಿಗ, ಮಡಿವಾಳ, ಹಗ್ಗ ಹೊಸೆಯುವವ, ಚಮ್ಮಾರ ಎಲ್ಲರೂ ಕುಳಿತರು, ತಾಯಂದಿರು ಮಾತನಾಡಿದರು, ಜನರ ಕನ್ನಡದಲ್ಲಿಯೇ ಮಾತನಾಡಿದರು. ಯಾರು ಯಾರ ಜೊತೆ ಕುಳಿತು ಕಲಿಯಬೇಕೆಂಬ ಪ್ರಶ್ನೆಗೆ ಎಂಟು ಶತಮಾನಗಳ ಹಿಂದೆಯೇ ಅಲ್ಲಿ ಉತ್ತರ ದೊರೆತಿತ್ತು. ನಮ್ಮ ಜಿಲ್ಲೆಯ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮ, ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಶರಣೆ. ತನಗೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಎಲ್ಲರಿಗೆ ಬಿಡಬೇಕೆಂಬ ಆ ತಾಯಿಯ ನೀತಿ ಅಂತರ್ಜಲಕ್ಕೂ ಸಲ್ಲುತ್ತದೆ, ವಿದ್ಯೆಗೂ ಸಲ್ಲುತ್ತದೆ. ತಾಂಡಾದ ಹುಡುಗಿ, ಕೇರಿಯ ಹುಡುಗ, ಕುರಿ ಕಾಯುವವರ ಮಗ, ನಮ್ಮ ಮನೆಯ ಮಗಳು ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಕಲ್ಲನ್ನು ನೋಡಬೇಕು. ಅವರು ಕುಡಿಯುವ ನೀರು ಒಂದೇ ಬಂಡೆಯ ಬಿರುಕಿನಿಂದ ಬರುತ್ತಿದೆಯಲ್ಲವೆ? ನೀರಿನ ದೋಷ ಜಾತಿ ನೋಡುವುದಿಲ್ಲ. ಅದನ್ನು ನಿವಾರಿಸುವ ವಿದ್ಯೆಯೂ ನೋಡಬಾರದು. ಅಲ್ಲದೆ ಕುರಿ ಕಾಯುವವನಿಗೆ ಒರತೆಯ ಜಾಡು ಗೊತ್ತು, ಕಲ್ಲು ಒಡೆಯುವವನಿಗೆ ಬಂಡೆಯ ಸೀಳು ಗೊತ್ತು, ನೀರು ಹೊರುವ ಹೆಂಗಸಿಗೆ ಯಾವ ಬಾವಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂಬುದು ಗೊತ್ತು. ಇವರ ಮಕ್ಕಳು ಬಂದರೆ ಶಾಸ್ತ್ರವೇ ಶ್ರೀಮಂತವಾಗುತ್ತದೆ.

ಪಾಲಕರಲ್ಲಿ ಒಂದು ವಿನಂತಿ. ಈ ವರ್ಷ ನಿಮ್ಮ ಮಕ್ಕಳ ಕೈಯಲ್ಲಿ ನಿಮ್ಮ ಮನೆಯ ಕುಡಿಯುವ ನೀರನ್ನು ಒಮ್ಮೆ ಪರೀಕ್ಷೆಗೆ ಕಳುಹಿಸಿರಿ. ಫಲಿತಾಂಶ ಬಂದಾಗ ಅದರ ಅರ್ಥವನ್ನು ಅವರಿಂದಲೇ ಓದಿಸಿರಿ. ‘ಹೀಗೇಕೆ?’ ಎಂದು ಮಗು ಕೇಳಿದರೆ ಗದರಬೇಡಿ. ಆ ಪ್ರಶ್ನೆಯನ್ನು ಹಿಡಿದುಕೊಂಡು ಅವಳು ಧಾರವಾಡದವರೆಗೆ ಹೋಗಲು ಬಯಸಿದರೆ ಹರಸಿ ಕಳುಹಿಸಿರಿ. ಭೂಮಿಯನ್ನು ತಾಯಿ ಎಂದು ಕರೆಯುವ ನಾವು ಆ ತಾಯಿಯ ಮಾತನ್ನು ತಿಳಿಯಬಲ್ಲ ಒಬ್ಬರನ್ನಾದರೂ ಪ್ರತಿ ಊರಿನಲ್ಲಿ ಬೆಳೆಸೋಣ. ಕಾಯಕವೇ ಪೂಜೆಯಾದ ಧರ್ಮದಲ್ಲಿ ಅದೂ ಒಂದು ಪೂಜೆ.